ಮಳೆಯಲ್ಲಿ ಕಿತ್ತ ಟೊಮೆಟೊ ಕಾಯಿ ಮನೆಯೊಳಗೆ ಹಣ್ಣಾಗುತ್ತಾ?

ಪ್ರಶ್ನೆ: ನಮ್ಮ ಮನೆ ಕೊಡಗಿನ ಮಾದಾಪುರದ ಹತ್ತಿರ. ಏಪ್ರಿಲ್‌ನಲ್ಲಿ ಅಂಗಳದ ಬದಿಗೆ ಇಪ್ಪತ್ತು ಟೊಮೆಟೊ ಗಿಡ ನೆಟ್ಟಿದ್ದೆ. ಕಾಯಿ ಚೆನ್ನಾಗಿಯೇ ಕಚ್ಚಿತು. ಹಣ್ಣಾಗುವ ಹೊತ್ತಿಗೆ ಮಳೆ ಹಿಡಿಯಿತು. ಹತ್ತು ದಿನದಿಂದ ಬಿಸಿಲಿನ ಮುಖ ನೋಡಿಲ್ಲ. ಈಗ ಎರಡು ಮೂರು ಗಿಡದ ಎಲೆ ಕಪ್ಪಾಗುತ್ತಿದೆ. ಗಿಡಗಳಲ್ಲಿ ಇನ್ನೂ ಎಂಟು-ಹತ್ತು ಕಿಲೋ ಹಸಿರು ಕಾಯಿ ಇದೆ. ಕಳೆದ ವಾರ ಒಂದಿಷ್ಟು ಕಿತ್ತು, ಬಾಳೆಹಣ್ಣಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟೆ. ಐದನೇ ದಿನಕ್ಕೆ ಬೂಷ್ಟು ಬಂತು. ನಮ್ಮತ್ತೆ ಅಕ್ಕಿ ಡಬ್ಬದಲ್ಲಿ ಹುದುಗಿಸಿಡು ಅಂತಾರೆ. ಪಕ್ಕದ ಮನೆಯವರು ಒಲೆ ಮೇಲಿನ ಅಟ್ಟದಲ್ಲಿಡಿ ಅಂತಾರೆ. ಮೊಬೈಲಿನಲ್ಲಿ ನೋಡಿದರೆ ಬಿಸಿಲು ಬೀಳುವ ಕಿಟಕಿಯಲ್ಲಿಡಿ ಅಂತ ಹೇಳುತ್ತಾರೆ. ಯಾವುದು ಸರಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಕಪ್ಪಾಗುತ್ತಿರುವ ಎಲೆ. ಹಣ್ಣು ಮಾಡುವ ವಿಷಯ ಆಮೇಲೆ ಮಾತಾಡೋಣ. ಇವತ್ತು ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೇ ಕಾಯಿ ಕಿತ್ತುಬಿಡಿ. ನಾಳೆಗೆ ಇಡಬೇಡಿ.

ಜುಲೈ ತಿಂಗಳ ಕೊಡಗಿನಲ್ಲಿ ಟೊಮೆಟೊ ಎಲೆ ನೀರು ಕುಡಿದ ಹಾಗೆ ಮೆತ್ತಗಾಗಿ ಕಪ್ಪಾದರೆ, ಅದು ಬಹುತೇಕ ಅಂಗಮಾರಿ. ಲೇಟ್ ಬ್ಲೈಟ್ ಅಂತ ಕರೆಯುವ ಬಗೆ. ಎಲೆಯ ಅಡಿಭಾಗವನ್ನು ಬೆಳಿಗ್ಗೆ ಹೊತ್ತು ತಿರುಗಿಸಿ ನೋಡಿ. ಕಪ್ಪು ಕಲೆಯ ಅಂಚಿನಲ್ಲಿ ಬಿಳಿ ಹಿಟ್ಟು ಉದುರಿಸಿದ ಹಾಗೆ ಕಂಡರೆ ಅನುಮಾನವೇ ಬೇಡ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಯನ್ನೆಲ್ಲ ಕೊಳೆಸಿ ಬರ ತಂದದ್ದು ಇದೇ ರೋಗ. ನಿಮ್ಮ ಮೆಣಸಿನ ಬಳ್ಳಿಗೆ ಮಳೆಗಾಲದಲ್ಲಿ ಬರುವ ಸೊರಗು ರೋಗ, ಅಡಿಕೆಗೆ ಬರುವ ಕೊಳೆ ರೋಗ ಇವೆಯಲ್ಲ, ಅವನ್ನು ತರುವ ಫೈಟಾಫ್ತೊರಾ ಅನ್ನುವ ರೋಗಾಣುವಿನ ಕುಲದ್ದೇ ಇದೂ. ತಂಪು ಬೇಕು, ಎಲೆ ಒದ್ದೆಯಾಗಿಯೇ ಇರಬೇಕು. ನಮ್ಮ ಮಳೆಗಾಲ ಎರಡನ್ನೂ ಧಾರಾಳವಾಗಿ ಕೊಡುತ್ತದೆ. ಒಂದು ಗಿಡಕ್ಕೆ ಬಂದರೆ ವಾರದೊಳಗೆ ಸಾಲು ಪೂರ್ತಿ ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕೀಳುವಾಗ ಎರಡು ಬುಟ್ಟಿ ಹಿಡಿದು ಹೋಗಿ. ಎಲೆ ಹಸಿರಾಗಿರುವ ಗಿಡದ ಕಾಯಿ ಒಂದು ಬುಟ್ಟಿಗೆ, ಕಪ್ಪೆಲೆ ಇರುವ ಗಿಡದ ಕಾಯಿ ಇನ್ನೊಂದಕ್ಕೆ. ಮೊದಲು ಆರೋಗ್ಯವಾಗಿರುವ ಗಿಡ ಮುಟ್ಟಿ, ಆಮೇಲೆ ರೋಗದ ಗಿಡ. ಕಾಯಿಯ ಮೇಲೆ ಎಣ್ಣೆ ಮೆತ್ತಿದ ಹಾಗೆ ಕಂದು ಮಚ್ಚೆ ಇದ್ದು, ಒತ್ತಿದರೆ ಗಟ್ಟಿಯಾಗಿದ್ದರೆ ಅದು ರೋಗ ಒಳಗೆ ಇಳಿದ ಕಾಯಿ. ಅದನ್ನು ಮನೆಯೊಳಗೆ ತರಲೇಬೇಡಿ. ರೋಗದ ಗಿಡದ ಕಾಯಿ ನೋಡಲು ಎಷ್ಟೇ ಚೆನ್ನಾಗಿದ್ದರೂ ಬೇರೆ ಕೋಣೆಯಲ್ಲಿ ಐದಾರು ದಿನ ಇಟ್ಟು ನೋಡಿ. ರೋಗ ಹೊಕ್ಕಿದ್ದರೆ ಅಷ್ಟರಲ್ಲಿ ಮಚ್ಚೆ ಹೊರಗೆ ಬರುತ್ತದೆ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಬಹಳ ಹಿಂದೆ ಭಾಗಮಂಡಲದ ಕಡೆ ಒಬ್ಬರ ತೋಟದಲ್ಲಿ ನಾನೇ ಮುಂದೆ ನಿಂತು ಎರಡು ಮಂಕರಿ ಕಾಯಿ ಕೀಳಿಸಿದ್ದೆ. ಒಂದೂ ಮಚ್ಚೆ ಇರಲಿಲ್ಲ. ಎಲ್ಲವನ್ನೂ ಒಂದೇ ರಾಶಿ ಹಾಕಿಸಿದೆ. ನಾಲ್ಕನೇ ದಿನ ರಾಶಿಯ ಅಡಿಯಿಂದ ನೀರು ಸೋರುತ್ತಿತ್ತು. ಆ ಮನೆಯ ಅಜ್ಜಿ ಒಂದೊಂದೇ ಕಾಯಿ ಎತ್ತಿ ನೋಡಿ ಕೆಳಗಿಡುತ್ತಿದ್ದದ್ದು ಇನ್ನೂ ಕಣ್ಣ ಮುಂದಿದೆ. ಬೇರೆ ಬೇರೆ ಇಟ್ಟಿದ್ದರೆ ಅರ್ಧದಷ್ಟಾದರೂ ಉಳಿಯುತ್ತಿತ್ತು.

ಗಿಡವನ್ನೇ ಬೇರು ಸಮೇತ ಕಿತ್ತು ಮನೆಯೊಳಗೆ ತಲೆಕೆಳಗಾಗಿ ನೇತುಹಾಕುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಒಣ ಹವೆಯ ಊರಿಗೆ ಅದು ಸರಿ. ನಮ್ಮಲ್ಲಿ ಒದ್ದೆ ಎಲೆಯನ್ನು ಒಳಗೆ ತಂದರೆ ರೋಗವನ್ನೂ ಕರೆದು ತಂದ ಹಾಗೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರೋಣ. ಎಲ್ಲ ಹಸಿರು ಕಾಯಿಯೂ ಹಣ್ಣಾಗುವುದಿಲ್ಲ. ಬಲಿತದ್ದು ಮಾತ್ರ ಆಗುತ್ತದೆ. ಎಳೆ ಕಾಯಿಯನ್ನು ಅಕ್ಕಿಯಲ್ಲಿಡಿ, ಅಟ್ಟದಲ್ಲಿಡಿ, ಬಾಳೆಹಣ್ಣಿನ ಜೊತೆ ಇಡಿ, ಸುಕ್ಕಾಗುತ್ತದೆ ಅಥವಾ ಕೊಳೆಯುತ್ತದೆ. ಬಣ್ಣ ಬಂದರೂ ರುಚಿ ಬರುವುದಿಲ್ಲ. ಹಾಗಾಗಿ ಎಲ್ಲಿಡಬೇಕು ಅನ್ನುವುದಕ್ಕಿಂತ ಯಾವುದನ್ನು ಇಡಬೇಕು ಅನ್ನುವುದು ದೊಡ್ಡ ಪ್ರಶ್ನೆ.

ಬಲಿತದ್ದನ್ನು ಗುರುತಿಸುವುದು ಕಷ್ಟವಲ್ಲ. ಎಳೆ ಕಾಯಿ ಗಾಢ ಹಸಿರು, ಮಂಕಾಗಿರುತ್ತದೆ. ಬಲಿತಂತೆ ಹಸಿರು ತಿಳಿಯಾಗುತ್ತದೆ, ಬಿಳಿಚಿಕೊಂಡ ಹಾಗೆ ಕಾಣುತ್ತದೆ, ಸಿಪ್ಪೆಗೆ ಹೊಳಪು ಬರುತ್ತದೆ. ತೊಟ್ಟಿನ ಎದುರು ತುದಿಯಲ್ಲಿ ನಕ್ಷತ್ರದ ಹಾಗೆ ಬಿಳಿ ಗೆರೆ ಮೂಡಿದ್ದರೆ ಇನ್ನೂ ಒಳ್ಳೆಯದು. ಆ ತುದಿಯಲ್ಲಿ ಚೂರು ಹಳದಿಯೋ ಗುಲಾಬಿಯೋ ಕಂಡರೆ ನೀವು ಏನೂ ಮಾಡಬೇಕಿಲ್ಲ, ಅದು ಹೊರಟಾಗಿದೆ. ಹೂ ಕಟ್ಟಿದಾಗಿನಿಂದ ಲೆಕ್ಕ ಹಾಕಿದರೆ ಸುಮಾರು ಆರು ವಾರ ಬೇಕು, ತಂಪಿದ್ದರೆ ಇನ್ನೂ ಕೆಲವು ದಿನ ಹೆಚ್ಚು.

ಕಣ್ಣಳತೆ ಸಾಲದು ಅನಿಸಿದರೆ ಒಂದೇ ಗಾತ್ರದ, ಒಂದೇ ಬಣ್ಣದ ಕಾಯಿಗಳಲ್ಲಿ ಒಂದನ್ನು ಅಡ್ಡಕ್ಕೆ ಕೊಯ್ದು ನೋಡಿ. ಬೀಜದ ಸುತ್ತ ಲೋಳೆ ತುಂಬಿದ್ದು, ಚಾಕು ಹಾಯಿಸಿದಾಗ ಬೀಜ ತುಂಡಾಗದೆ ಜಾರಿ ಪಕ್ಕಕ್ಕೆ ಸರಿದರೆ ಆ ಗುಂಪು ಬಲಿತಿದೆ. ಬೀಜವೂ ಸೀಳಿ ಹೋಗಿ, ಒಳಗೆಲ್ಲ ಗಟ್ಟಿ ಬಿಳಿಯಾಗಿದ್ದರೆ ಎಳೆಯದು. ಒಂದು ಕಾಯಿ ಹೋದರೂ ಚಿಂತೆಯಿಲ್ಲ, ಚಟ್ನಿಗೆ ಆಗುತ್ತದೆ. ಈ ಪರೀಕ್ಷೆ ನಿಮ್ಮ ಒಂದು ವಾರದ ಕಾಯುವಿಕೆಯನ್ನು ಉಳಿಸುತ್ತದೆ.

ಕಿತ್ತ ಮೇಲೂ ಟೊಮೆಟೊ ಹಣ್ಣಾಗುವುದು ಹೇಗೆ ಅಂತ ಕೇಳಿದರೆ, ಉತ್ತರ ನಿಮ್ಮ ತೋಟದಲ್ಲೇ ಇದೆ. ಬೆಣ್ಣೆ ಹಣ್ಣು ನೋಡಿ. ಮರದಲ್ಲಿದ್ದಷ್ಟು ದಿನ ಕಲ್ಲಿನ ಹಾಗೆ ಇರುತ್ತದೆ, ಕಿತ್ತು ಮನೆಯಲ್ಲಿಟ್ಟ ಮೇಲೆಯೇ ಮೆತ್ತಗಾಗುವುದು. ಕಿತ್ತಳೆ ನೋಡಿ. ಹುಳಿಯಿದ್ದಾಗ ಕಿತ್ತರೆ ಹುಳಿಯಾಗಿಯೇ ಉಳಿಯುತ್ತದೆ, ತಿಂಗಳಿಟ್ಟರೂ ಸಿಹಿ ಏರುವುದಿಲ್ಲ. ಟೊಮೆಟೊ ಬೆಣ್ಣೆ ಹಣ್ಣಿನ ಕಡೆಯದು. ಬಾಳೆ, ಮಾವು, ಹಲಸು, ಸಪೋಟ ಎಲ್ಲ ಅದೇ ಸಾಲಿನವು. ಇವು ಬಲಿತ ಮೇಲೆ ತಮ್ಮೊಳಗೇ ಎಥಿಲೀನ್ ಅನ್ನುವ ಅನಿಲ ಹುಟ್ಟಿಸಿಕೊಳ್ಳುತ್ತವೆ. ಆ ಅನಿಲವೇ ಹಣ್ಣಾಗು ಅಂತ ಕಾಯಿಗೆ ಹೇಳುವುದು. ಒಂದು ಹಣ್ಣಾಗಲು ಶುರುವಾದರೆ ಪಕ್ಕದ್ದಕ್ಕೂ ಸುದ್ದಿ ಮುಟ್ಟುತ್ತದೆ. ಹಣ್ಣುಗಳು ತಾವೇ ಎಥಿಲೀನ್ ಬಿಡುತ್ತವೆ ಅಂತ 1934ರಲ್ಲಿ ಸೇಬಿನಲ್ಲಿ ತೋರಿಸಿಕೊಟ್ಟರು. ನಮ್ಮ ಹಿರಿಯರಿಗೆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಬಾಳೆಗೊನೆಗೆ ಹೊಗೆ ಹಾಕುತ್ತಿದ್ದರಲ್ಲ, ಅರೆಬರೆ ಉರಿಯುವ ಸೊಪ್ಪಿನ ಹೊಗೆಯಲ್ಲಿ ಎಥಿಲೀನ್ ಇರುತ್ತದೆ.

ನೀವು ಬಾಳೆಹಣ್ಣು ಇಟ್ಟದ್ದು ತಪ್ಪಲ್ಲ. ತಪ್ಪಾದದ್ದು ಕವರು. ಕಾಯಿ ಉಸಿರಾಡುತ್ತದೆ, ಉಸಿರಿನ ಜೊತೆ ನೀರು ಬಿಡುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಆ ನೀರು ಹನಿಗಟ್ಟಿ ಕಾಯಿಯ ಮೇಲೇ ಕೂರುತ್ತದೆ. ಜೊತೆಗೆ ಬಿಗಿಯಾಗಿ ಕಟ್ಟಿದರೆ ಕಾಯಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಒಳಗೇ ಸೇರಿಕೊಂಡು ಹಣ್ಣಾಗುವುದನ್ನು ನಿಧಾನ ಮಾಡುತ್ತದೆ. ಅಂದರೆ ಹಣ್ಣೂ ಬೇಗ ಆಗಲಿಲ್ಲ, ಬೂಷ್ಟಿಗೆ ಮನೆಯೂ ಸಿಕ್ಕಿತು.

ಹೊರಗಿನವರು ಕೊಡುವ ಸಲಹೆಯಲ್ಲಿ ಬಹುಪಾಲು ಕಾಯಿಯನ್ನು ಬೆಚ್ಚಗೆ ಮುಚ್ಚಿಡುವ ಬಗ್ಗೆ ಇರುತ್ತದೆ. ಅವರ ಊರಿನಲ್ಲಿ ಚಳಿ ಕಷ್ಟ, ಒಣ ಗಾಳಿ ಕಷ್ಟ. ನಮ್ಮದು ಬೇರೆ. ಟೊಮೆಟೊ ಹಣ್ಣಾಗಲು 18ರಿಂದ 24 ಡಿಗ್ರಿ ಸೆಲ್ಸಿಯಸ್ ಸಾಕು. ಮಳೆಗಾಲದಲ್ಲೂ ನಮ್ಮ ಅಡುಗೆಮನೆಯಲ್ಲಿ ಅಷ್ಟು ಇದ್ದೇ ಇರುತ್ತದೆ. ನಮಗೆ ಇರುವ ಶತ್ರು ಒಂದೇ, ತೇವ. ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಬರುವ ತಿಂಗಳಿದು, ಟೊಮೆಟೊ ಬಿಡುತ್ತಾ? ಆದ್ದರಿಂದ ಕಾಯಿಯನ್ನು ಬೆಚ್ಚಗಿಡುವುದಕ್ಕಿಂತ ಒಣಗಿಡುವುದಕ್ಕೆ ಗಮನ ಕೊಡಿ. ಉಳಿದದ್ದನ್ನು ಕಾಯಿಯೇ ನೋಡಿಕೊಳ್ಳುತ್ತದೆ.

ತಂದ ಕೂಡಲೇ ನಲ್ಲಿ ಕೆಳಗೆ ಹಿಡಿದು ತೊಳೆಯಬೇಡಿ. ಟೊಮೆಟೊ ಸಿಪ್ಪೆಯಲ್ಲಿ ಉಸಿರಾಡುವ ರಂಧ್ರ ಇಲ್ಲ. ತೊಟ್ಟು ಕಿತ್ತ ಜಾಗವೇ ಅದರ ಮೂಗು. ಕಾಯಿಗಿಂತ ತಣ್ಣಗಿರುವ ನೀರಿನಲ್ಲಿ ಮುಳುಗಿಸಿದರೆ ಆ ಜಾಗದಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ, ನೀರಿನ ಜೊತೆ ಕೊಳೆ ಹಿಡಿಸುವ ಜೀವಾಣುವೂ ಹೋಗುತ್ತದೆ. ಜುಲೈ ತಿಂಗಳಲ್ಲಿ ನಿಮ್ಮ ಟ್ಯಾಂಕಿನ ನೀರು ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಹಳೆಯ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮಣ್ಣು ಜಾಸ್ತಿ ಮೆತ್ತಿದ್ದರೆ ಉಗುರು ಬೆಚ್ಚಗಿನ ನೀರಿನಲ್ಲಿ ಬೇಗ ತೊಳೆದು, ಒರೆಸಿ, ಫ್ಯಾನ್ ಕೆಳಗೆ ಪೂರ್ತಿ ಆರಿಸಿ. ಉದ್ದ ತೊಟ್ಟು ಇದ್ದರೆ ಬಿಡಿಸಿ, ಇಲ್ಲದಿದ್ದರೆ ಪಕ್ಕದ ಕಾಯಿಗೆ ಚುಚ್ಚುತ್ತದೆ. ಗೀರು ಬಿದ್ದದ್ದು, ಮಳೆಗೆ ಬಿರಿದದ್ದು, ಹುಳ ಕೊರೆದದ್ದು ಎಲ್ಲ ಈ ಹಂತದಲ್ಲೇ ಪಕ್ಕಕ್ಕೆ ಹೋಗಲಿ.

ಮೊರ ಅಥವಾ ಅಗಲ ಬಿದಿರು ತಟ್ಟೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಅಡಿಯಿಂದಲೂ ಗಾಳಿ ಆಡುತ್ತದೆ. ಒಣ ಪೇಪರ್ ಹಾಸಿ, ಒಂದೇ ಪದರ ಹರಡಿ, ಒಂದಕ್ಕೊಂದು ತಾಗದ ಹಾಗೆ. ತೊಟ್ಟಿನ ಕಡೆ ಭುಜ ಗಟ್ಟಿ, ಹಾಗಾಗಿ ಬೋರಲು ಇಡಿ. ಜಾಗ ಸಾಲದಿದ್ದರೆ ಒಂದೊಂದನ್ನೂ ಪೇಪರ್ ಚೂರಿನಲ್ಲಿ ಸಡಿಲವಾಗಿ ಸುತ್ತಿ ಎರಡು ಪದರ ಇಡಬಹುದು. ಸುತ್ತುವುದರಿಂದ ಒಂದು ಕೊಳೆತರೆ ಪಕ್ಕದ್ದಕ್ಕೆ ಬೇಗ ಹರಡುವುದಿಲ್ಲ. ಆದರೆ ಪೇಪರ್ ತೇವ ಹಿಡಿದರೆ ಬದಲಿಸಲೇಬೇಕು. ನಮ್ಮ ಮಳೆಗೆ ಎರಡು ದಿನಕ್ಕೊಮ್ಮೆ ಬದಲಿಸಬೇಕಾಗಬಹುದು.

ಬೇಗ ಬೇಕು ಅಂದರೆ ರಟ್ಟಿನ ಡಬ್ಬ ತೆಗೆದುಕೊಳ್ಳಿ. ನಾಲ್ಕೂ ಬದಿಗೆ ಬೆರಳು ಗಾತ್ರದ ತೂತು ಮಾಡಿ. ಎರಡು ಕಿಲೋ ಕಾಯಿಗೆ ಚುಕ್ಕೆ ಬಿದ್ದ ಬಾಳೆಹಣ್ಣು ಒಂದು ಸಾಕು, ಯಾವ ಜಾತಿಯಾದರೂ ಸರಿ. ಮುಚ್ಚಳ ಸುಮ್ನೆ ಮೇಲೆ ಇಡಿ, ಟೇಪ್ ಹಾಕಬೇಡಿ. ಎರಡು ಮೂರು ಟೊಮೆಟೊಗೆ ಬಣ್ಣ ತಿರುಗಿದ ಕೂಡಲೇ ಬಾಳೆಹಣ್ಣು ತೆಗೆದುಬಿಡಿ. ಆಮೇಲೆ ಅವೇ ಉಳಿದವಕ್ಕೆ ಸಾಕಾಗುತ್ತವೆ. ಕರಗಿದ ಬಾಳೆಹಣ್ಣು ಡಬ್ಬದಲ್ಲಿ ಉಳಿದರೆ ನುಸಿ ಬರುತ್ತದೆ.

ಇನ್ನು ನಿಮಗೆ ಸಿಕ್ಕ ಮೂರು ಸಲಹೆ.

ನಿಮ್ಮತ್ತೆ ಹೇಳಿದ ಅಕ್ಕಿ ಡಬ್ಬದಲ್ಲಿ ನಿಜ ಇದೆ. ಅಕ್ಕಿ ತೇವ ಎಳೆದುಕೊಳ್ಳುತ್ತದೆ, ಅನಿಲವನ್ನು ಹತ್ತಿರದಲ್ಲೇ ಹಿಡಿದಿಡುತ್ತದೆ. ಮಾವಿನಕಾಯಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಟೊಮೆಟೊ ಮಾವಿನಷ್ಟು ಗಟ್ಟಿಯಲ್ಲ. ಅಕ್ಕಿಯೊಳಗೆ ಹುದುಗಿದ್ದು ಕೊಳೆತರೆ ಕಣ್ಣಿಗೆ ಕಾಣುವುದಿಲ್ಲ, ಒಂದು ಒಡೆದರೆ ಡಬ್ಬದ ಅಕ್ಕಿಯೇ ಹೋಗುತ್ತದೆ. ಅವರ ಮಾತು ನಡೆಸಬೇಕು ಅಂತಿದ್ದರೆ ಚಿಕ್ಕ ಪಾತ್ರೆಯಲ್ಲಿ ಎರಡು ಸೇರು ಅಕ್ಕಿ ಹಾಕಿ, ಬಣ್ಣ ತಿರುಗಲು ಶುರುವಾದ ನಾಲ್ಕೈದು ಗಟ್ಟಿ ಕಾಯಿ ಮಾತ್ರ ಇಡಿ. ದಿನಕ್ಕೊಮ್ಮೆ ತೆಗೆದು ನೋಡಿ.

ಅಟ್ಟದ ಸಲಹೆ ನನಗೆ ಮೂರರಲ್ಲೂ ಹೆಚ್ಚು ಇಷ್ಟವಾದದ್ದು. ಮಳೆಗಾಲದಲ್ಲಿ ಕೊಡಗಿನ ಮನೆಯಲ್ಲಿ ನಿಜವಾಗಿ ಒಣಗಿರುವ ಜಾಗ ಅಂದರೆ ಒಲೆಯ ಆಸುಪಾಸು ಮಾತ್ರ, ಅಲ್ವಾ? ಆದರೆ ಒಲೆಯ ನೇರ ಮೇಲೆ ಬೇಡ. 30 ಡಿಗ್ರಿ ದಾಟಿದರೆ ಟೊಮೆಟೊದಲ್ಲಿ ಕೆಂಪು ಬಣ್ಣ ಕೊಡುವ ಲೈಕೊಪೀನ್ ಸರಿಯಾಗಿ ಹುಟ್ಟುವುದಿಲ್ಲ. ಹಳದಿ ಬಣ್ಣ ಮಾತ್ರ ಬರುತ್ತದೆ, ಕಾಯಿ ಕಿತ್ತಳೆ ಬಣ್ಣಕ್ಕೆ ತಿರುಗಿ ಅಲ್ಲೇ ನಿಂತುಬಿಡುತ್ತದೆ, ಮೆತ್ತಗೂ ಆಗುತ್ತದೆ. ಹೊಗೆಯ ವಾಸನೆಯೂ ಹಿಡಿಯುತ್ತದೆ. ಒಲೆಯಿಂದ ಐದಾರು ಅಡಿ ಪಕ್ಕಕ್ಕೆ ಸರಿಸಿ. ಅಟ್ಟದ ಆ ಜಾಗದಲ್ಲಿ ಹತ್ತು ನಿಮಿಷ ಕೈ ಇಟ್ಟರೆ ಬೆಚ್ಚಗನಿಸಬೇಕು, ಬಿಸಿ ಅನಿಸಬಾರದು. ಬಚ್ಚಲ ಒಲೆ ದಿನವಿಡೀ ಉರಿಯುತ್ತದೆ ಅಂತ ಅಲ್ಲಿಡಲು ಹೋಗಬೇಡಿ. ಅಲ್ಲಿ ಬಿಸಿಯ ಜೊತೆ ಹಂಡೆಯ ಹಬೆಯೂ ಇರುತ್ತದೆ. ಒಲೆ ಇಲ್ಲದ, ಗ್ಯಾಸ್ ಮಾತ್ರ ಇರುವ ಮನೆಯಾದರೆ ಫ್ರಿಜ್ಜಿನ ಹಿಂಬದಿ ಬಿಸಿ ಗಾಳಿ ಬರುವ ಗೋಡೆಯ ಹತ್ತಿರ ಒಂದು ಸ್ಟೂಲ್ ಇಟ್ಟು ಅದರ ಮೇಲಿಡಿ.

ಬಿಸಿಲು ಬೀಳುವ ಕಿಟಕಿ ಬೇಡವೇ ಬೇಡ, ಬಿಸಿಲಿದ್ದರೂ ಬೇಡ. ಎಲೆಗೆ ಬೆಳಕು ಬೇಕು, ಕಿತ್ತ ಕಾಯಿಗೆ ಬೇಕಿಲ್ಲ. ಕತ್ತಲಲ್ಲೂ ಹಣ್ಣಾಗುತ್ತದೆ. ನಿಮ್ಮ ಕಿಟಕಿಯಲ್ಲಿ ಈಗ ಇರುವುದು ಮಳೆಯ ಎರಚಲು ಅಷ್ಟೇ.

ದಿನಕ್ಕೊಮ್ಮೆ ನೋಡುವುದನ್ನು ಮಾತ್ರ ಬಿಡಬೇಡಿ. ಕಾಫಿ ಕುಡಿಯುವ ಹೊತ್ತಿಗೆ ಎರಡು ನಿಮಿಷ ಸಾಕು. ಮೆತ್ತಗಾದದ್ದು, ತೊಟ್ಟಿನ ಬಳಿ ಬಿಳಿ ನೂಲು ಕಂಡದ್ದು ಅಂದೇ ಹೊರಗೆ. ಬೂಷ್ಟು ಬಂದ ಟೊಮೆಟೊವನ್ನು ಅರ್ಧ ಕೊಯ್ದು ಉಳಿದರ್ಧ ಅಡುಗೆಗೆ ಹಾಕಬೇಡಿ. ಅದು ನೀರಿನ ಹಣ್ಣು, ಬೂಷ್ಟಿನ ಬೇರು ಒಳಗೆ ಎಲ್ಲಿಯವರೆಗೆ ಹೋಗಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಬಣ್ಣ ತಿರುಗಿದವನ್ನು ಬೇರೆ ತಟ್ಟೆಗೆ ಹಾಕುತ್ತಾ ಬನ್ನಿ. 20 ಡಿಗ್ರಿಯಲ್ಲಿ ಪೂರ್ತಿ ಹಸಿರಾಗಿದ್ದ ಬಲಿತ ಕಾಯಿಗೆ ಎರಡು ವಾರ ಹಿಡಿಯುತ್ತದೆ, ತುದಿಯಲ್ಲಿ ಬಣ್ಣ ಬಂದದ್ದಕ್ಕೆ ಐದಾರು ದಿನ. 15 ಡಿಗ್ರಿಗೆ ಇಳಿದರೆ ಮೂರು ನಾಲ್ಕು ವಾರವೂ ಆಗಬಹುದು. ನೀವು ಈ ವಾರ ಕಿತ್ತರೆ ಕಕ್ಕಡ 18ರಂದು, ಅಂದರೆ ಆಗಸ್ಟ್ ಮೊದಲ ವಾರ, ಮದ್ದು ಸೊಪ್ಪಿನ ಪಾಯಸ ಮಾಡುವ ಹೊತ್ತಿಗೆ ಮೊರದ ಅರ್ಧವಾದರೂ ಕೆಂಪಾಗಿರಬೇಕು.

ಹಸಿರು ಕಾಯಿಯನ್ನು ಫ್ರಿಜ್ಜಿನಲ್ಲಿಟ್ಟು ಆಮೇಲೆ ಹಣ್ಣು ಮಾಡೋಣ ಅಂತ ತುಂಬಾ ಜನ ಯೋಚಿಸುತ್ತಾರೆ. ಅದು ಆಗುವುದಿಲ್ಲ. 10 ಡಿಗ್ರಿಗಿಂತ ಕೆಳಗೆ ಕೆಲವು ದಿನ ಇದ್ದರೆ ಕಾಯಿಗೆ ಚಳಿ ಹೊಡೆಯುತ್ತದೆ. ಹೊರಗೆ ತೆಗೆದ ಮೇಲೆ ಅಲ್ಲಲ್ಲಿ ಮಾತ್ರ ಬಣ್ಣ ಬರುತ್ತದೆ, ಸಿಪ್ಪೆಯಲ್ಲಿ ಗುಳಿ ಬೀಳುತ್ತದೆ, ಕಪ್ಪು ಬೂಷ್ಟು ಹತ್ತುತ್ತದೆ. ಪೂರ್ತಿ ಕೆಂಪಾದದ್ದು ಜಾಸ್ತಿ ಉಳಿದರೆ ಮಾತ್ರ ಎರಡು ಮೂರು ದಿನದ ಮಟ್ಟಿಗೆ ಫ್ರಿಜ್ಜಿನಲ್ಲಿಡಿ.

ರುಚಿಯ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಗಿಡದಲ್ಲೇ ಕೆಂಪಾದ ಟೊಮೆಟೊದ ಸಿಹಿ ಇದಕ್ಕೆ ಬರುವುದಿಲ್ಲ. ಸಕ್ಕರೆ ಬರುವುದು ಎಲೆಯಿಂದ, ಕಿತ್ತ ಮೇಲೆ ಆ ದಾರಿ ಮುಚ್ಚಿತು. ಸಾರಿಗೆ, ಗೊಜ್ಜಿಗೆ, ಕೋಳಿ ಸಾರಿನ ಮಸಾಲೆಗೆ ಏನೂ ಕೊರತೆ ಕಾಣುವುದಿಲ್ಲ. ಹಸಿಯಾಗಿ ತಿನ್ನುವಾಗ ಮಾತ್ರ ಗೊತ್ತಾಗುತ್ತದೆ. ತುದಿಯಲ್ಲಿ ಬಣ್ಣ ಕಂಡ ಮೇಲೆ ಕಿತ್ತದ್ದು ಗಿಡದ ಹಣ್ಣಿಗೆ ತುಂಬಾ ಹತ್ತಿರ ಬರುತ್ತದೆ. ಹಾಗಾಗಿ ರೋಗ ಇಲ್ಲದ ವರ್ಷ ಅಷ್ಟರವರೆಗೆ ಕಾಯಿರಿ.

ಯಾರಾದರೂ ಕಾರ್ಬೈಡ್ ಪುಡಿ ಕಟ್ಟಿ ಇಡಿ ಅಂದರೆ ಕೇಳಬೇಡಿ. ಕ್ಯಾಲ್ಸಿಯಂ ಕಾರ್ಬೈಡ್ ತೇವ ತಾಗಿದರೆ ಅಸಿಟಲೀನ್ ಅನಿಲ ಬಿಡುತ್ತದೆ, ಜೊತೆಗೆ ಅದರಲ್ಲಿ ಆರ್ಸೆನಿಕ್, ರಂಜಕದ ಅಂಶವೂ ಇರುತ್ತದೆ. ಅಸಿಟಲೀನ್ ಬೆಂಕಿ ಹತ್ತುವ ಅನಿಲ ಬೇರೆ. 2011ರ ಆಹಾರ ಸುರಕ್ಷತಾ ನಿಯಮದಲ್ಲಿ ಹಣ್ಣು ಮಾಡಲು ಇದನ್ನು ಬಳಸುವುದನ್ನು ನಿಷೇಧಿಸಿದ್ದಾರೆ. ವ್ಯಾಪಾರದ ಹಣ್ಣು ಮಾಗಿಸುವ ಕೋಣೆಗಳಲ್ಲಿ ಎಥಿಲೀನ್ ಅನಿಲವನ್ನೇ 100 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ನೂರು ಪಾಲಿನವರೆಗೆ, ಬಿಡಲು ಅವಕಾಶ ಇದೆ. ನಿಮ್ಮ ಮನೆಗೆ ಆ ಕೆಲಸವನ್ನು ಒಂದು ಬಾಳೆಹಣ್ಣು ಮಾಡುತ್ತದೆ.

ಪಕ್ಕಕ್ಕೆ ಹಾಕಿದ ಎಳೆ ಕಾಯಿ ಬಿಸಾಡಬೇಡಿ. ರೋಗದ ಮಚ್ಚೆ ಇಲ್ಲದವನ್ನು ಆರಿಸಿ, ಜೀರಿಗೆ ಮೆಣಸು, ಬೆಳ್ಳುಳ್ಳಿ, ಉಪ್ಪಿನ ಜೊತೆ ಬಾಡಿಸಿ ರುಬ್ಬಿದರೆ ಅಕ್ಕಿ ರೊಟ್ಟಿಗೆ ಒಳ್ಳೆಯ ಚಟ್ನಿ. ಅದಕ್ಕೇ ಹುಳಿ ಇರುವುದರಿಂದ ಬೇರೆ ಹುಳಿ ಬೇಕಿಲ್ಲ. ಹಸಿರು ಕಾಯಿಯಲ್ಲಿ ಟೊಮಾಟಿನ್ ಅನ್ನುವ ಕಹಿ ಅಂಶ ಇರುತ್ತದೆ, ಎಳೆಯದರಲ್ಲಿ ಜಾಸ್ತಿ. ಚಟ್ನಿ, ಪಲ್ಯದ ಅಳತೆಯಲ್ಲಿ ತಿಂದರೆ ತೊಂದರೆಯಿಲ್ಲ. ರೋಗದ ಗಿಡದ ಕಾಯಿಯನ್ನು ಉಪ್ಪಿನಕಾಯಿಗೆ ಮಾತ್ರ ಹಾಕಬೇಡಿ, ಭರಣಿ ಪೂರ್ತಿ ಕೆಡುತ್ತದೆ.

ಕಾಯಿ ಕಿತ್ತ ಮೇಲೆ ರೋಗದ ಗಿಡಗಳನ್ನು ಕಿತ್ತು ಗುಂಡಿ ತೋಡಿ ಆಳಕ್ಕೆ ಹೂಳಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಅಕ್ಕಪಕ್ಕದಲ್ಲಿ ಆಲೂಗಡ್ಡೆ ಇದ್ದರೆ ಅದನ್ನೂ ನೋಡಿ.

ಮುಂದಿನ ಸಲ ನೆಡುವ ಕಾಲವನ್ನೇ ಬದಲಿಸಿ. ಏಪ್ರಿಲ್‌ನಲ್ಲಿ ನೆಟ್ಟರೆ ಪ್ರತಿ ವರ್ಷವೂ ಇದೇ ಕಥೆ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬ ಮುಗಿದ ಮೇಲೆ ಸೂರಿನ ಕೆಳಗೆ ಟ್ರೇಯಲ್ಲಿ ಬೀಜ ಹಾಕಿ. ಮಳೆ ಇಳಿದ ಅಕ್ಟೋಬರಿನಲ್ಲಿ ಸಸಿ ನೆಟ್ಟರೆ ಡಿಸೆಂಬರ್ ಕೊನೆಯಿಂದ ಹಣ್ಣು ಸಿಗುತ್ತದೆ. ಬೇಸಿಗೆ ಬೆಳೆ ಬೇಕಿದ್ದರೆ ಜನವರಿಯಲ್ಲಿ ನೆಟ್ಟು ಮೇ ಒಳಗೆ ಮುಗಿಸಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ರಕ್ಷಕ್ ತಳಿ ಎಲೆಮುರುಟು, ಸೊರಗು, ಮೊದಲು ಬರುವ ಅಂಗಮಾರಿ ಮೂರನ್ನೂ ತಡೆಯುತ್ತದೆ, ನಿಮಗೆ ಈಗ ಬಂದಿರುವುದನ್ನು ತಡೆಯುವುದಿಲ್ಲ. ಅವರದೇ ಅರ್ಕಾ ಅಭೇದ್‌ಗೆ ಆ ಶಕ್ತಿಯೂ ಇದೆ. ಅದೇ ಸಂಸ್ಥೆಯ ಕೇಂದ್ರ ಚೆಟ್ಟಳ್ಳಿಯಲ್ಲಿದೆ, ನಿಮಗೆ ದೂರವೇನಲ್ಲ. ಹೋಗುವಾಗ ಕಪ್ಪಾದ ಎಲೆ ಎರಡು ಕಿತ್ತು ಪೇಪರಿನಲ್ಲಿ ಸುತ್ತಿ ತೆಗೆದುಕೊಂಡು ಹೋಗಿ. ಅವರು ನೋಡಿ ಯಾವ ರೋಗ ಅಂತ ಖಚಿತವಾಗಿ ಹೇಳುತ್ತಾರೆ.